ಕೆಕ್ಕನಹಳ್ಳ ದಾಟುವ ಮೊದಲು

ಲವ್‌ಡೇಲ್ ರೈಲು ನಿಲ್ದಾಣ ಬಲು ಸಣ್ಣದು. ಕೂನೂರಿನಿಂದ ಏರಿ ಬರುವ ಗಾಡಿ ಕೇತ್ತಿಯ ಕಣಿವೆ ದಾಟಿ, ಉದಕಮಂಡಲ ಇನ್ನೇನು ಬಂತು ಎನ್ನುವಾಗ ಇಲ್ಲಿ ಒಂದು ಗಳಿಗೆ ನಿಲ್ಲುತ್ತದೆ. 1908ರಲ್ಲಿ ಊಟಿಯನ್ನು ಮುಟ್ಟಿದ ಈ ಮೀಟರ್ ಗೇಜ್ ಹಳಿಗೆ 2005ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಿತು. ಏಪ್ರಿಲ್, ಮೇ ತಿಂಗಳಲ್ಲಿ ಆ ಪ್ಲಾಟ್‌ಫಾರಂ ಮೇಲೆ ಹತ್ತು ನಿಮಿಷ ನಿಂತರೆ ಸಾಕು, ಕನ್ನಡ ಕಿವಿಗೆ ಬೀಳುತ್ತದೆ. ಮೈಸೂರಿನ ಕನ್ನಡ, ಮಂಡ್ಯದ ಕನ್ನಡ, ಬೆಂಗಳೂರಿನ ಕನ್ನಡ. ಮದುವೆಗೆ ಮುಂಚಿನ ಫೋಟೊ ತೆಗೆಸಲು ಬಂದ ಜೋಡಿ ಹಳಿಗಳ ನಡುವೆ ಕೂತಿರುತ್ತದೆ. ಮಕ್ಕಳು ಹಳಿಯ ಮೇಲೆ ಕೈ ಚಾಚಿ ತೂಗಾಡುತ್ತ ನಡೆಯುತ್ತಿರುತ್ತಾರೆ. ಯಾರಾದರೂ ಎದ್ದೇಳಿ ಎಂದರೆ, ‘ಟ್ರೈನು ಬರೋಕೆ ಇನ್ನೂ ಟೈಮಿದೆ ಬಿಡಿ ಸಾರ್’ ಎಂಬ ಉತ್ತರ ಬರುತ್ತದೆ.

ಅನುಮತಿಯಿಲ್ಲದೆ ರೈಲು ಹಳಿಗೆ ಇಳಿಯುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದು ಮೈಸೂರಿಗೂ ಅನ್ವಯಿಸುವ ಕಾನೂನು. ಮೈಸೂರು ನಿಲ್ದಾಣದಲ್ಲಿ ಇದೇ ಜನ ಹಳಿಗೆ ಇಳಿಯುವುದಿಲ್ಲ. ಲವ್‌ಡೇಲ್‌ನಲ್ಲಿ ಇಳಿಯುತ್ತಾರೆ. ರಜೆಗೆಂದು ಮನೆ ಬಿಟ್ಟ ಕೂಡಲೇ ಕಾನೂನಿಗೂ ರಜೆ ಕೊಟ್ಟುಬಿಡುವ ಈ ಮನಸ್ಸಿನ ಬಗ್ಗೆಯೇ ನಮ್ಮ ಚಿಂತೆ.

ಬೇಸಿಗೆ ರಜೆ ಶುರುವಾಗುವ ಮೊದಲೇ ಇದನ್ನು ಬರೆಯುತ್ತಿದ್ದೇವೆ. ಅವಘಡ ಆದ ಮೇಲೆ ಬರೆಯುವ ಸಂಪಾದಕೀಯಗಳಿಗೆ ನಮ್ಮಲ್ಲಿ ಬರವಿಲ್ಲ. ಈ ಸಲವಾದರೂ ಮುಂಚೆ ಹೇಳಿಬಿಡೋಣ. ನೀಲಗಿರಿಯಲ್ಲಿ ಕನ್ನಡದ ಪ್ರವಾಸಿ ನಡೆದುಕೊಳ್ಳುವ ರೀತಿ ಒಂದು ಕೆಟ್ಟ ತಿರುವಿನ ಹತ್ತಿರ ಬಂದು ನಿಂತಿದೆ. ಆ ತಿರುವು ದಾಟಿದ ಮೇಲೆ ಹಿಂದಕ್ಕೆ ಬರುವುದು ಸುಲಭವಲ್ಲ.

ದುಬೈಗೆ ಮಗಳ ಮನೆಗೆ ಹೊರಟ ನಮ್ಮ ಕಡೆಯ ತಾಯಂದಿರನ್ನು ನೋಡಿ. ಸೂಟ್‌ಕೇಸಿನಲ್ಲಿ ಸಾರಿನ ಪುಡಿ, ಹುಣಸೆಹಣ್ಣು, ಹಪ್ಪಳ ಎಲ್ಲ ಸೇರುತ್ತದೆ. ಗಸಗಸೆ ಮಾತ್ರ ಸೇರುವುದಿಲ್ಲ. ಪಾಯಸಕ್ಕೆ ಬೇಕೇ ಬೇಕಾದ ಆ ಕಾಳು ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಮಾದಕ ವಸ್ತುವಿನ ಲೆಕ್ಕಕ್ಕೆ ಬರುತ್ತದೆ, ಒಂದು ಹಿಡಿ ಸಿಕ್ಕರೂ ಜೈಲಿನ ಮಾತು ಎಂದು ಅಲ್ಲಿನ ಕನ್ನಡಿಗರು ವರ್ಷಗಟ್ಟಲೆ ಹೇಳುತ್ತ ಬಂದಿದ್ದಾರೆ. ಯಾವ ತಾಯಿಯೂ ‘ಇದು ನಮ್ಮ ಸಂಪ್ರದಾಯ, ಅವರು ಯಾರು ಕೇಳೋಕೆ’ ಎಂದು ವಾದಿಸುವುದಿಲ್ಲ. ತೆಗೆದಿಟ್ಟು ಹೋಗುತ್ತಾಳೆ. ಪಾಸ್‌ಪೋರ್ಟಿಗೆ ಮುದ್ರೆ ಬೀಳುವ ಊರಿನಲ್ಲಿ ನಾವು ಅಷ್ಟು ವಿನಯವಂತರು. ಅದೇ ಮನೆಯವರು ಊಟಿಗೆ ಹೊರಟರೆ ಯಾರನ್ನೂ ಒಂದು ಮಾತು ಕೇಳುವುದಿಲ್ಲ. ಡಿಕ್ಕಿಯಲ್ಲಿ ನೀರಿನ ಬಾಟಲಿಯ ಕಟ್ಟು, ಪ್ಲಾಸ್ಟಿಕ್ ತಟ್ಟೆ, ಗುಂಡ್ಲುಪೇಟೆಯಲ್ಲಿ ಕೊಂಡ ಮದ್ಯ, ಕೋತಿಗೆಂದು ಬಿಸ್ಕತ್ತು. ಗುಂಡ್ಲುಪೇಟೆ ದಾಟಿದರೆ ಬಂಡೀಪುರ, ಬಂಡೀಪುರ ದಾಟಿದರೆ ಊಟಿ. ನಡುವೆ ರಾಜ್ಯದ ಗಡಿಯಲ್ಲಿ ಕೆಕ್ಕನಹಳ್ಳದ ಚೆಕ್‌ಪೋಸ್ಟ್ ಒಂದು ಅಡಚಣೆ ಅಷ್ಟೇ ಎಂಬಂತೆ.

ಇದಕ್ಕೆ ಕಾರಣ ಅಹಂಕಾರ ಮಾತ್ರ ಎಂದು ನಾವು ಹೇಳುವುದಿಲ್ಲ. ಹೆಚ್ಚಿನವರಲ್ಲಿ ಅದು ಸಲಿಗೆ. ನೀಲಗಿರಿ ನಮಗೆ ಪರಸ್ಥಳ ಅನ್ನಿಸುವುದೇ ಇಲ್ಲ. ಮೈಸೂರಿನ ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ, 1873ರಲ್ಲಿ, ಫರ್ನ್‌ಹಿಲ್ಸ್ ಬಂಗಲೆ ಮೈಸೂರಿನ ಅರಮನೆಯಾಯಿತು. ಅದರ ಆಸುಪಾಸಿನಲ್ಲೇ ನಮ್ಮ ತೋಟಗಾರಿಕೆ ಇಲಾಖೆಯ ಕರ್ನಾಟಕ ಸಿರಿ ಉದ್ಯಾನ ಇದೆ, 38 ಎಕರೆಯದು. ಲವ್‌ಡೇಲ್‌ನಿಂದ ಅಲ್ಲಿಗೆ ಹೆಚ್ಚು ದೂರವಿಲ್ಲ. ಮಸಿನಗುಡಿಯಲ್ಲಿ ಕನ್ನಡದಲ್ಲೇ ಚಹಾ ಕೇಳಬಹುದು. ಇನ್ನು ಬಡಗರ ಮಾತು ಕಿವಿಗೆ ಬಿದ್ದರೆ ನಮ್ಮವರು ಥಟ್ಟನೆ ತಿರುಗಿ ನೋಡುತ್ತಾರೆ. ಊರಿಗೆ ಹಟ್ಟಿ, ಹಬ್ಬಕ್ಕೆ ಹಬ್ಬ, ಕುಲದೇವತೆಗೆ ಹೆತ್ತೆ. ‘ಅಯ್ಯೋ, ಇದು ನಮ್ಮ ಕನ್ನಡವೇ!’

ಸಂತೋಷ ನಿಜವಾದದ್ದೇ. ಆದರೆ ಆ ಮಾತು ಅಲ್ಲಿ ಸಂತೋಷ ಕೊಡುವುದಿಲ್ಲ. ಬಡಗರು ತಮ್ಮ ನುಡಿಯನ್ನು ಕನ್ನಡದ ಒಂದು ಕವಲು ಎಂದು ಕರೆಸಿಕೊಳ್ಳಲು ಇಷ್ಟಪಡುವುದಿಲ್ಲ. ಅದು ಸ್ವತಂತ್ರ ಭಾಷೆ ಎಂಬುದು ಅವರ ಹಕ್ಕಿನ ಮಾತು, ಭಾಷಾ ವಿದ್ವಾಂಸರಲ್ಲಿ ಹಲವರೂ ಹಾಗೆಯೇ ನೋಡುತ್ತಾರೆ. ಭಾಷಾವಿಜ್ಞಾನಿ ಮರ್ರೆ ಎಮೆನೊ 1939ರಲ್ಲೇ ಬಡಗದ ಸ್ವರಗಳ ಬಗ್ಗೆ ಬರೆದಿದ್ದರು. ನಾಲಿಗೆ ಮಡಚಿ ನುಡಿಯುವ ಆ ಸ್ವರಗಳು ನಮ್ಮ ಕನ್ನಡದಲ್ಲಿ ಇಲ್ಲ. ಟೀ ಅಂಗಡಿಯಲ್ಲಿ ಕೂತ ಬಡಗ ಹಿರಿಯರೊಬ್ಬರ ಎದುರು ‘ನೀವು ಮಾತಾಡ್ತಿರೋದು ಸ್ವಲ್ಪ ಕೆಟ್ಟುಹೋದ ಕನ್ನಡ ಅಲ್ವಾ?’ ಎಂದು ಕೇಳುವವನು ಪ್ರೀತಿಯಿಂದಲೇ ಕೇಳುತ್ತಿರಬಹುದು. ಕೇಳಿಸಿಕೊಂಡವರಿಗೆ ಅದು ಅಪಮಾನ. ಮೈಸೂರು ಸೀಮೆಯಿಂದ ಬಡಗು ದಿಕ್ಕಿನ ಹೆಸರು ಹೊತ್ತು ಬಂದು, ನೂರಾರು ವರ್ಷ ಆ ಚಳಿಯಲ್ಲಿ ಬೇಸಾಯ ಮಾಡಿ ಬದುಕು ಕಟ್ಟಿದ ಜನರಿಗೆ, ಒಂದು ರಾತ್ರಿ ಲಾಡ್ಜಿನಲ್ಲಿ ಇರಲು ಬಂದವನು ನಿಮ್ಮ ಮಾತು ನಮ್ಮದು ಎಂದರೆ ಹೇಗಾಗಬೇಕು?

ಇತಿಹಾಸದಲ್ಲಿ ಒಂದು ಕಹಿ ಗುರುತೂ ಇದೆ. ಕನ್ನಡ ನಾಡು ಆ ಬೆಟ್ಟಕ್ಕೆ ಕಾಲಿಟ್ಟ ಅತಿ ಹಳೆಯ ದಾಖಲೆ ಚಾಮರಾಜನಗರದಲ್ಲಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ನೀಲಾದ್ರಿಯನ್ನು ಗೆದ್ದದ್ದನ್ನು ಹೇಳುವ 1117ರ ಆ ಶಾಸನ, ಅವನು ಅಲ್ಲಿನ ಮೂಲನಿವಾಸಿ ತೋಡರನ್ನು ಹೆದರಿಸಿದ್ದನ್ನು ಪರಾಕ್ರಮವೆಂದೇ ಹೊಗಳುತ್ತದೆ. ನೀಲಗಿರಿಯ ಹೆಸರು ಬರೆಹಕ್ಕೆ ಇಳಿದದ್ದೇ ಹೀಗೆ. ಒಂಬತ್ತು ನೂರು ವರ್ಷ ಕಳೆದಿದೆ. ಅಲ್ಲಿಗೆ ಹೋಗುವ ನಮ್ಮ ಕೈಯಲ್ಲಿ ಕತ್ತಿ ಇಲ್ಲ, ಮೊಬೈಲ್ ಇದೆ. ಆದರೆ ತೋಡರ ಊರಾದ ಮಂದ್‌ನ ಅಂಗಳಕ್ಕೆ ಹೇಳದೆ ಕೇಳದೆ ನುಗ್ಗಿ, ಪೀಪಾಯಿಯ ಹಾಗೆ ಬಾಗಿದ ಆ ಮನೆಯ ಬಾಗಿಲಲ್ಲಿ ಕೂತ ಅಜ್ಜಿಯ ಮುಖದೆದುರು ಕ್ಯಾಮೆರಾ ಹಿಡಿಯುವಾಗ, ಆ ಅಜ್ಜಿಗೆ ಆಗುವ ಅಂಜಿಕೆ ಎಷ್ಟು ಬೇರೆ?

ಮಂದ್‌ನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅದು ಪ್ರದರ್ಶನಕ್ಕೆ ಇಟ್ಟ ಊರಲ್ಲ. ಉದಕಮಂಡಲ ಎಂಬ ಹೆಸರಿನೊಳಗೇ ಒಂದು ತೋಡ ಮಂದ್ ಅಡಗಿದೆ ಎನ್ನುತ್ತಾರೆ. ತೋಡರು ಎರಡು ಸಾವಿರದ ಆಸುಪಾಸಿನಷ್ಟೇ ಇರುವ ಜನ. ಅವರ ಬದುಕೆಲ್ಲ ಎಮ್ಮೆಯ ಸುತ್ತ, ಹಾಲಿನ ಸುತ್ತ. ಅವರ ಗುಡಿ ಎಂದರೆ ಪವಿತ್ರವಾದ ಹಾಲಿನ ಮನೆಯೇ. ಅಲ್ಲಿಗೆ ತೋಡ ಹೆಂಗಸರೇ ಹೋಗುವಂತಿಲ್ಲ. ಹೊರಗಿನವರ ಮಾತು ಕೇಳುವುದೇ ಬೇಡ. ಈ ಕಟ್ಟಳೆ ಸರಿಯೇ ತಪ್ಪೇ ಎಂಬ ಚರ್ಚೆ ತೋಡರ ಹೆಣ್ಣುಮಕ್ಕಳು ಗಂಡುಮಕ್ಕಳು ಮಾಡಿಕೊಳ್ಳಬೇಕಾದ್ದು. ಅರ್ಧ ಗಂಟೆಗೆ ಕಾರು ನಿಲ್ಲಿಸಿದ ನಾವು ಕಲ್ಲಿನ ಪೌಳಿ ಹತ್ತಿ ‘ಒಳಗೆ ಏನಿದೆ ನೋಡೋಣ’ ಎನ್ನುವುದು ಆ ಚರ್ಚೆಗೆ ಯಾವ ರೀತಿಯ ಕೊಡುಗೆಯೂ ಅಲ್ಲ. ಅವರ ಕಸೂತಿಯ ಶಾಲು ಬೇಕೆಂದರೆ ಕೊಳ್ಳಿ. ಆ ಕೆಂಪು ಕಪ್ಪು ಕಸೂತಿಗೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಒಂದು ಶಾಲಿಗೆ ವಾರಗಟ್ಟಲೆ ಕೂತ ಕೈಗಳಿವೆ. ಅದರ ಬೆಲೆಯಲ್ಲಿ ಅರ್ಧಕ್ಕೆ ಚೌಕಾಸಿ ಮಾಡುವುದನ್ನು ಮೈಸೂರಿನ ಸಂತೆಗೆ ಉಳಿಸಿಕೊಳ್ಳಿ.

ಬಡಗರ ಹೆತ್ತೆ ಹಬ್ಬಕ್ಕೂ ಇದೇ ಮಾತು. ಡಿಸೆಂಬರ್, ಜನವರಿಯಲ್ಲಿ ಬೇರಗಣಿಯಲ್ಲಿ ನಡೆಯುವ ಆ ಹಬ್ಬಕ್ಕೆ ಹಟ್ಟಿಹಟ್ಟಿಗಳಿಂದ ಜನ ಬಿಳಿ ಬಟ್ಟೆ ಉಟ್ಟು ಬರುತ್ತಾರೆ. ಬೆಟ್ಟದ ಮೇಲೆ ಬೆಳ್ಳಗೆ ಹರಡಿದ ಆ ಸಾಲನ್ನು ನೋಡಿದವರು ಮರೆಯುವುದಿಲ್ಲ. ಡ್ರೋನ್ ಹಾರಿಸಿ ಚಿತ್ರ ತೆಗೆಯಬೇಕು ಅನ್ನಿಸುವುದೂ ಸಹಜ. ಆದರೆ ಅದು ಅವರ ತಾಯಿಯ ಪೂಜೆ. ಒಬ್ಬ ಹಿರಿಯರನ್ನು ಕೇಳಿ, ಚಪ್ಪಲಿ ಬಿಟ್ಟು, ದೂರದಲ್ಲಿ ನಿಂತು ನೋಡಿದರೆ ಯಾರೂ ಬೇಡವೆನ್ನುವುದಿಲ್ಲ. ಡ್ರೋನಿನ ಮಾತು ಬಂದದ್ದರಿಂದ ಇನ್ನೊಂದು. ಈ ಜಿಲ್ಲೆಯಲ್ಲಿ ವೆಲಿಂಗ್ಟನ್ನಿನ ಸೇನಾ ಕಾಲೇಜು, ಅರುವಂಕಾಡಿನ ಕಾರ್ಡೈಟ್ ಕಾರ್ಖಾನೆ ಇವೆ, ಹುಲಿ ಸಂರಕ್ಷಿತ ಪ್ರದೇಶ ಇದೆ. ಅನುಮತಿ ಇಲ್ಲದೆ ಹಾರಿಸಿದ ಆಟಿಕೆಯೂ ಇಲ್ಲಿ ಠಾಣೆಯ ಮೆಟ್ಟಿಲು ಹತ್ತಿಸುತ್ತದೆ. ಲವ್‌ಡೇಲ್‌ನ ಲಾರೆನ್ಸ್ ಶಾಲೆಯ ಕಟ್ಟಡ ಎಷ್ಟೇ ಚೆಲುವಾಗಿರಲಿ, ಅದು 1858ರಲ್ಲಿ ಶುರುವಾದ ಶಾಲೆ. ಗೇಟಿನ ಬಳಿ ಕಾವಲುಗಾರನೊಂದಿಗೆ ‘ಒಂದೇ ಒಂದು ಫೋಟೊ’ ಎಂದು ವಾದಕ್ಕೆ ನಿಲ್ಲುವವರು ತಮ್ಮ ಮಕ್ಕಳ ಶಾಲೆಯ ಅಂಗಳಕ್ಕೆ ದಿನವೂ ಅಪರಿಚಿತರು ಬಂದರೆ ಸುಮ್ಮನಿರುತ್ತಾರೆಯೇ?

ಈಗ ಕಾನೂನಿನ ಕಡೆಗೆ ಬರೋಣ. ಎಚ್ಚರಿಕೆಯ ಗಂಟೆ ಮೊದಲು ಬಾರಿಸಿದ್ದು ಅಲ್ಲೇ.

2024ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟಿನ ಮುಂದೆ ಒಂದು ಲೆಕ್ಕ ಬಂತು. ಪ್ರವಾಸಿ ಕಾಲದಲ್ಲಿ ನೀಲಗಿರಿಗೆ ದಿನವೊಂದಕ್ಕೆ 11,500 ಕಾರು, 1,300 ವ್ಯಾನ್, 600 ಬಸ್, 6,500 ಬೈಕು. ಒಟ್ಟು ಇಪ್ಪತ್ತು ಸಾವಿರದ ಆಸುಪಾಸು. ಇಕ್ಕಟ್ಟಾದ ಬೆಟ್ಟದ ರಸ್ತೆಗಳು, ಪ್ರತಿ ಬೇಸಿಗೆಯಲ್ಲೂ ಕುಡಿಯುವ ನೀರಿಗೆ ಪರದಾಡುವ ಊರುಗಳು, ಅದರ ನಡುವೆ ಇಷ್ಟು ಗಾಡಿ. ನ್ಯಾಯಾಲಯ ಇ-ಪಾಸ್ ಕಡ್ಡಾಯ ಮಾಡಿತು, ಮೇ 7ರಿಂದ ಅದು ಜಾರಿಗೆ ಬಂತು. ಮೊದಮೊದಲು ಅದು ಬರೀ ಎಣಿಕೆ. ಕೇಳಿದವರಿಗೆಲ್ಲ ಪಾಸು ಸಿಗುತ್ತಿತ್ತು. ‘ಮೊಬೈಲಲ್ಲಿ ಎರಡು ನಿಮಿಷ ಅಷ್ಟೇ’ ಎಂದು ನಮ್ಮ ಟ್ಯಾಕ್ಸಿ ಚಾಲಕರು ಹಗುರವಾಗಿ ತೆಗೆದುಕೊಂಡರು. 2025ರ ಮಾರ್ಚ್‌ನಲ್ಲಿ ಎಣಿಕೆ ಮಿತಿಯಾಯಿತು. ಏಪ್ರಿಲ್‌ನಿಂದ ಜೂನ್‌ವರೆಗೆ ವಾರದ ದಿನಗಳಲ್ಲಿ ದಿನಕ್ಕೆ 6,000, ಶನಿವಾರ ಭಾನುವಾರಗಳಲ್ಲಿ 8,000 ವಾಹನ. ಸ್ಥಳೀಯರಿಗೆ, ಸರ್ಕಾರಿ ಬಸ್ಸಿಗೆ, ರೈಲಿಗೆ ವಿನಾಯಿತಿ. ಉಳಿದವರಿಗೆ ಸಾಲು.

ಒಂದು ವರ್ಷದೊಳಗೆ ಎಣಿಕೆಯಿಂದ ಮಿತಿಗೆ ಬಂದಿದೆ. ಮುಂದಿನ ಹೆಜ್ಜೆ ಯಾವುದು? ಇದೇ ನಾವು ಹೇಳಬೇಕೆಂದಿರುವ ಮುನ್ನೆಚ್ಚರಿಕೆ. ಇಂಥ ಬಾಗಿಲುಗಳು ಒಮ್ಮೆ ಮುಚ್ಚಲು ಶುರುವಾದರೆ ಸ್ವಲ್ಪ ಸ್ವಲ್ಪವೇ ಮುಚ್ಚುತ್ತ ಹೋಗುತ್ತವೆ. ಭೂತಾನಿಗೆ ಭಾರತೀಯರು ಬಹಳ ಕಾಲ ಶುಲ್ಕವಿಲ್ಲದೆ ಹೋಗಿ ಬರುತ್ತಿದ್ದರು. 2019ರಲ್ಲಿ ಭಾರತದ ಬೈಕ್ ಸವಾರರೊಬ್ಬರು ದೋಚುಲಾ ಕಣಿವೆಯ ಬೌದ್ಧ ಚೋರ್ತೆನ್ ಮೇಲೆ ಹತ್ತಿ ನಿಂತು ಚಿತ್ರ ತೆಗೆಸಿಕೊಂಡದ್ದು ಆ ದೇಶವನ್ನೇ ಕೆರಳಿಸಿತು. ಈಗ ಅಲ್ಲಿ ತಂಗುವ ಪ್ರತಿ ರಾತ್ರಿಗೆ ಭಾರತೀಯನೂ 1,200 ರೂಪಾಯಿ ಕಟ್ಟಬೇಕು. ಆ ಒಬ್ಬನಿಂದಲೇ ಶುಲ್ಕ ಬಂತು ಎಂದರೆ ತಪ್ಪಾಗುತ್ತದೆ. ಹಾಗಿದ್ದರೂ ಅಂಥ ಚಿತ್ರಗಳು ಆತಿಥೇಯರ ಮನಸ್ಸನ್ನು ಕಲ್ಲು ಮಾಡುತ್ತವೆ ಎಂಬುದರಲ್ಲಿ ಅನುಮಾನವಿಲ್ಲ. ಜಪಾನಿನ ಕ್ಯೋಟೊದಲ್ಲಿ ಗೇಶಾ ಕಲಾವಿದೆಯರ ಹಿಂದೆ ಕ್ಯಾಮೆರಾ ಹಿಡಿದು ಓಡುವವರ ಕಾಟ ತಾಳದೆ ಗಿಯೋನ್ ಬಡಾವಣೆಯ ಖಾಸಗಿ ಗಲ್ಲಿಗಳನ್ನು 2024ರಲ್ಲಿ ಪ್ರವಾಸಿಗರಿಗೆ ಮುಚ್ಚಿದರು. ಅಲ್ಲಿಯೂ ಮೊದಲು ವಿನಂತಿಯ ಫಲಕ ಹಾಕಿದ್ದರು. ಯಾರೂ ಓದಲಿಲ್ಲ.

ನಮ್ಮ ಕಡೆಯ ಫಲಕಗಳನ್ನು ಓದೋಣ. ಗುಂಡ್ಲುಪೇಟೆಯಿಂದ ಹೊರಟರೆ ಮೊದಲ ಕಾನೂನು ನಮ್ಮದೇ. ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವಿಲ್ಲ. 2009ರಿಂದ ಹೀಗಿದೆ. ಗೇಟು ಮುಚ್ಚುವ ಹೊತ್ತಿಗೆ ತಲುಪಬೇಕೆಂದು ಕಾಡಿನ ನಡುವೆ ನೂರು ಕಿಲೊಮೀಟರ್ ವೇಗದಲ್ಲಿ ಓಡಿಸುವವರನ್ನು ಕಂಡಾಗಲೆಲ್ಲ ಅನ್ನಿಸುತ್ತದೆ, ನಿಷೇಧ ಯಾವುದಕ್ಕೆಂದು ಇವರಿಗೆ ಯಾರೂ ಹೇಳಲೇ ಇಲ್ಲವೇ? ಜಿಂಕೆ, ಕಾಟಿ, ಆನೆ ದಾಟುವ ದಾರಿ ಅದು. ಅಲ್ಲಿ ಗಾಡಿ ನಿಲ್ಲಿಸುವುದು, ಇಳಿಯುವುದು, ಹಾರ್ನ್ ಹೊಡೆಯುವುದು, ತಿನಿಸು ಎಸೆಯುವುದು ಎಲ್ಲವೂ ನಿಷಿದ್ಧ. 2025ರ ಆಗಸ್ಟ್‌ನಲ್ಲಿ ಬಂಡೀಪುರದಲ್ಲಿ ಕಾರಿನಿಂದ ಇಳಿದು ಆನೆಯ ಜೊತೆ ಸೆಲ್ಫಿಗೆ ಹೋದ ಪ್ರವಾಸಿಯೊಬ್ಬರನ್ನು ಆನೆ ಅಟ್ಟಿಸಿಕೊಂಡು ಬಂದು ಕೆಡವಿದ ದೃಶ್ಯವನ್ನು ಇಡೀ ರಾಜ್ಯ ನೋಡಿತು. ಜೀವ ಉಳಿಯಿತು. ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು. ಆ ಆನೆ ತುಸು ಬೇರೆ ಕಡೆಗೆ ಕಾಲಿಟ್ಟಿದ್ದರೆ ನಮಗೆ ಬರೆಯಲು ಇನ್ನೊಂದು ಸಂಪಾದಕೀಯ ಸಿಗುತ್ತಿತ್ತು.

ಕೆಕ್ಕನಹಳ್ಳದ ಆಚೆ ಮುದುಮಲೆ. ಅಲ್ಲಿಂದ ಮುಂದೆ ಕಾನೂನು ತಮಿಳುನಾಡಿನದು. ಇ-ಪಾಸ್ ತೋರಿಸಬೇಕು. ನೀರಿನ ಪ್ಲಾಸ್ಟಿಕ್ ಬಾಟಲಿ, ಒಮ್ಮೆ ಬಳಸಿ ಎಸೆಯುವ ತಟ್ಟೆ ಲೋಟ ಚೀಲ, ಎಲ್ಲಕ್ಕೂ ಈ ಜಿಲ್ಲೆಯಲ್ಲಿ ನಿಷೇಧ. ಇದೊಂದು ಹೊಸ ಹುಚ್ಚಲ್ಲ. ಇಡೀ ತಮಿಳುನಾಡು 2019ರ ಜನವರಿ 1ರಿಂದ ಪ್ಲಾಸ್ಟಿಕ್ ನಿಷೇಧಿಸುವುದಕ್ಕೂ ಎಷ್ಟೋ ವರ್ಷ ಮೊದಲೇ, ಸುಪ್ರಿಯಾ ಸಾಹು ಜಿಲ್ಲಾಧಿಕಾರಿಯಾಗಿದ್ದ ಕಾಲದಲ್ಲಿ, ನೀಲಗಿರಿ ಆ ದಾರಿ ಹಿಡಿದಿತ್ತು. ಬಾಟಲಿ ಬೇಡವೆಂದ ಮೇಲೆ ನೀರಿಗೆ ಅಲ್ಲಲ್ಲಿ ವಾಟರ್ ಎಟಿಎಂ ಇಟ್ಟಿದ್ದಾರೆ. ಮನೆಯಿಂದ ಒಂದು ಸ್ಟೀಲ್ ಬಾಟಲಿ ತಂದರೆ ಮುಗಿಯಿತು. ನಮ್ಮ ಅಜ್ಜಂದಿರು ತಿರುಪತಿಗೆ ಹೋಗುವಾಗ ಕೂಜ ಒಯ್ಯುತ್ತಿರಲಿಲ್ಲವೇ?

ಮದ್ಯದ ವಿಷಯ ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ತಮಿಳುನಾಡಿನಲ್ಲಿ ಮದ್ಯದ ಚಿಲ್ಲರೆ ಮಾರಾಟ ಸರ್ಕಾರದ ಟಾಸ್ಮ್ಯಾಕ್ ಕೈಯಲ್ಲಿದೆ. ಕರ್ನಾಟಕದಿಂದ ಅನುಮತಿಯಿಲ್ಲದೆ ಮದ್ಯ ಒಯ್ಯುವುದು ಅಲ್ಲಿ ಅಪರಾಧ. ‘ನಮ್ಮ ಉಪಯೋಗಕ್ಕೆ ಸಾರ್’ ಎಂಬ ಮಾತು ಗಡಿಯಲ್ಲಿ ನಡೆಯುವುದಿಲ್ಲ. ಅಲ್ಲಿ ಕೊಂಡರೂ ಒಂದು ಕ್ರಮವಿದೆ. ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ಕೊಡಬೇಕು, ಖಾಲಿ ಬಾಟಲಿ ಹಿಂದಿರುಗಿಸಿದರೆ ಆ ಹಣ ವಾಪಸು. 2022ರಲ್ಲಿ ಹೈಕೋರ್ಟಿನ ಸೂಚನೆಯ ಮೇಲೆ ಇದು ಮೊದಲು ಶುರುವಾದದ್ದೇ ನೀಲಗಿರಿಯಲ್ಲಿ. ಕಾರಣ ಕೇಳಿದರೆ ಹೊಟ್ಟೆ ತೊಳಸುತ್ತದೆ. ಕಾಡಿನಂಚಿನಲ್ಲಿ ಒಡೆದು ಎಸೆದ ಬಾಟಲಿಯ ಚೂರು ಆನೆಯ ಪಾದಕ್ಕೆ ಹೊಕ್ಕರೆ ಆ ಗಾಯ ಮಾಯುವುದಿಲ್ಲ. ಟನ್ನುಗಟ್ಟಲೆ ಮೈಭಾರ ಹೊತ್ತ ಪ್ರಾಣಿ ಕೀವು ತುಂಬಿದ ಕಾಲಿನಲ್ಲಿ ಎಷ್ಟು ದಿನ ನಡೆದೀತು? ಬಿದ್ದರೆ ಏಳುವುದಿಲ್ಲ.

ಆನೆಯ ಮಾತಿನಲ್ಲಿ ಮಸಿನಗುಡಿಯನ್ನು ದಾಟಿ ಹೋಗಲಾಗದು. 2021ರ ಜನವರಿಯಲ್ಲಿ ಅಲ್ಲಿ ಒಂದು ಗಂಡಾನೆ ಸತ್ತಿತು. ಹಳೆಯ ಗಾಯದಿಂದ ಬಳಲುತ್ತ ಜನವಸತಿಯ ಹತ್ತಿರ ಸುಳಿಯುತ್ತಿದ್ದ ಆನೆ ಅದು. ಪ್ರವಾಸಿಗರಿಗೆ ಕೊಠಡಿ ಕೊಡುವ ಒಂದು ಕಟ್ಟಡದ ಬಳಿ ಬಂದಾಗ ಅದರ ಮೇಲೆ ಉರಿಯುವ ಟೈರನ್ನು ಎಸೆದರು. ಕಿವಿಗೆ ಹತ್ತಿಕೊಂಡ ಬೆಂಕಿಯನ್ನು ಕೊಡವಲಾರದೆ ಅದು ಕತ್ತಲಲ್ಲಿ ಕಾಡಿನ ಕಡೆ ಓಡಿದ ದೃಶ್ಯ ಮೊಬೈಲಿನಲ್ಲಿ ಉಳಿದಿದೆ. ತೆಪ್ಪಕಾಡಿನ ಶಿಬಿರಕ್ಕೆ ಲಾರಿಯಲ್ಲಿ ಸಾಗಿಸುವಾಗ ಅದು ಪ್ರಾಣ ಬಿಟ್ಟಿತು. ಅದನ್ನು ನೋಡಿಕೊಂಡಿದ್ದ ಅರಣ್ಯ ಸಿಬ್ಬಂದಿ ಅದರ ಸೊಂಡಿಲು ತಬ್ಬಿ ಅತ್ತದ್ದೂ ಹಾಗೆಯೇ ಉಳಿದಿದೆ. ಬೆಂಕಿ ಎಸೆದವರು ಪ್ರವಾಸಿಗಳಲ್ಲ, ನಿಜ. ಆದರೆ ಅಲ್ಲಿ ಆ ಕೊಠಡಿಗಳು ಎದ್ದದ್ದು ಯಾರಿಗಾಗಿ? ‘ಕಾಡೊಳಗಿನ ರೂಮು, ಕಿಟಕಿಯಿಂದಲೇ ಆನೆ’ ಎಂದು ಬುಕ್ ಮಾಡುವವರು ನಾವು. ಸಿಗೂರು ಪ್ರಸ್ಥಭೂಮಿಯ ಆನೆ ಹಾದಿಯನ್ನು ಎತ್ತಿಹಿಡಿದು, ಅದರ ಮೇಲೆ ಎದ್ದ ರೆಸಾರ್ಟುಗಳನ್ನು ತೆರವು ಮಾಡಿಸುವ ಮದ್ರಾಸ್ ಹೈಕೋರ್ಟಿನ 2011ರ ತೀರ್ಪನ್ನು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಖಾಯಂ ಮಾಡಿತು. ಆದ್ದರಿಂದ ಕೊಠಡಿ ಕಾಯ್ದಿರಿಸುವ ಮೊದಲು ಅದಕ್ಕೆ ಪರವಾನಗಿ ಇದೆಯೇ ಎಂದು ಕೇಳುವುದು ಪ್ರವಾಸಿಯ ಕೆಲಸವೇ. ರಾತ್ರಿ ಸಫಾರಿಗೆ ಕರೆದುಕೊಂಡು ಹೋಗುತ್ತೇನೆ ಎನ್ನುವ ಜೀಪಿನವನಿಗೆ ಇಲ್ಲ ಎನ್ನುವುದೂ. ಆ ಸವಾರಿ ಕಾನೂನುಬಾಹಿರ. ಸಿಕ್ಕಿಬಿದ್ದರೆ ಕೂತವನೂ ಹೊಣೆ.

ಬೆಂಕಿಯದೂ ಅಷ್ಟೇ. ಫೆಬ್ರವರಿಯಿಂದ ಮೇವರೆಗೆ ಈ ಕಾಡುಗಳು ಒಣಗಿ ಕಾದಿರುತ್ತವೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದು ನಮಗೆ ಮರೆತಿಲ್ಲ. ಅದಕ್ಕೂ ಒಂದು ವರ್ಷ ಮೊದಲು ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಚಾರಣಕ್ಕೆ ಹೋದ 20ಕ್ಕೂ ಹೆಚ್ಚು ಜನ ಕಾಳ್ಗಿಚ್ಚಿಗೆ ಸಿಕ್ಕಿ ಸತ್ತರು. ಅಂದಿನಿಂದ ತಮಿಳುನಾಡಿನಲ್ಲಿ ಅನುಮತಿಯಿಲ್ಲದ ಚಾರಣಕ್ಕೆ ಬಿಗಿ ಕಟ್ಟಳೆ. ಕ್ಯಾಂಪ್‌ಫೈರ್ ಇದೆಯೇ ಎಂದು ಕೇಳುವ ಮೊದಲು ಸುತ್ತಲಿನ ಹುಲ್ಲನ್ನು ಮುಟ್ಟಿ ನೋಡಿ.

ಮಸಿನಗುಡಿಯಿಂದ ಊಟಿಗೆ ಏರುವ ಕಲ್ಲಟ್ಟಿ ಘಾಟಿಯಲ್ಲಿ 36 ತಿರುವು. 2018ರಲ್ಲಿ ಅಲ್ಲಿ ಕಮರಿಗೆ ಬಿದ್ದ ಕಾರು ಹೊರಗಿನವರ ಕಣ್ಣಿಗೆ ಬೀಳುವುದಕ್ಕೇ ಎರಡು ದಿನ ಹಿಡಿಯಿತು. ಐವರು ಸತ್ತರು. ಆಮೇಲೆ ಹೊರ ಜಿಲ್ಲೆಯ ಗಾಡಿಗಳು ಆ ದಾರಿಯಲ್ಲಿ ಇಳಿಯುವುದಕ್ಕೆ ಪೊಲೀಸರು ತಡೆ ಹಾಕಿದರು. ‘ಗೂಗಲ್ ತೋರಿಸುತ್ತಿದೆಯಲ್ಲ’ ಎಂದು ಅವರೊಂದಿಗೆ ಜಗಳಕ್ಕಿಳಿಯುವವರು ಇವತ್ತಿಗೂ ಇದ್ದಾರೆ.

ಆ ಜಗಳವೇ ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸುತ್ತದೆ. ಈ ಗಡಿ ಬೇರೆ ಗಡಿಗಳ ಹಾಗಲ್ಲ. ಕಾವೇರಿಯ ವರ್ಷಗಳಲ್ಲಿ ಕೆಎ ನಂಬರಿನ ಗಾಡಿ ಆಚೆ, ಟಿಎನ್ ನಂಬರಿನ ಗಾಡಿ ಈಚೆ ಬರಲು ಅಂಜಿದ್ದನ್ನು ನಾವೆಲ್ಲ ಕಂಡಿದ್ದೇವೆ. ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ. ಬಾಟಲಿ ಕಿತ್ತುಕೊಂಡ ಚೆಕ್‌ಪೋಸ್ಟ್ ಸಿಬ್ಬಂದಿಯೊಂದಿಗೆ ಕುಡಿದ ಯುವಕನೊಬ್ಬ ಕಾಲರ್ ಹಿಡಿದು ಜಗಳವಾಡಿದರೆ, ಸಂಜೆಯೊಳಗೆ ಅದು ಪ್ಲಾಸ್ಟಿಕ್ಕಿನ ಜಗಳವಾಗಿ ಉಳಿಯುವುದಿಲ್ಲ. ‘ಕನ್ನಡಿಗರ ಮೇಲೆ ಹಲ್ಲೆ’ ಎಂದು ಈ ಕಡೆ, ‘ಕರ್ನಾಟಕದವರ ದಬ್ಬಾಳಿಕೆ’ ಎಂದು ಆ ಕಡೆ. ಆ ಯುವಕ ಬೆಂಗಳೂರಿಗೆ ಹೋಗಿ ಮಲಗಿರುತ್ತಾನೆ. ಬೆಲೆ ತೆರುವವರು ಬೇರೆ. ಊಟಿಯ ಕ್ಯಾರೆಟ್ಟು ಮೈಸೂರಿಗೆ ತರುವ ಲಾರಿಯವನು, ಮೈಸೂರಿನಲ್ಲಿ ಓದುವ ಬಡಗರ ಹುಡುಗಿ, ಮಸಿನಗುಡಿಯಲ್ಲಿ ತಲೆಮಾರುಗಳಿಂದ ಕನ್ನಡ ಆಡುತ್ತ ಬಂದ ಮನೆಯವರು, ಗುಂಡ್ಲುಪೇಟೆಯ ತಮಿಳು ಕೂಲಿಯವನು. ಇಂಥ ಕಿಡಿ ಇನ್ನೂ ಹೊತ್ತಿಲ್ಲ. ಹೊತ್ತುವ ಮೊದಲೇ ಹೇಳುತ್ತಿದ್ದೇವೆ.

ತಪ್ಪೆಲ್ಲ ಪ್ರವಾಸಿಯದೇ ಎಂದು ನಾವು ಒಪ್ಪುವುದಿಲ್ಲ. ಗಡಿಯ ಫಲಕಗಳಲ್ಲಿ ತಮಿಳು, ಇಂಗ್ಲಿಷ್ ಎದ್ದು ಕಾಣುವಷ್ಟು ಕನ್ನಡ ಕಾಣುವುದಿಲ್ಲ. ಹಳ್ಳಿಯಿಂದ ಟೆಂಪೊ ಮಾಡಿಕೊಂಡು ಬಂದ ಕುಟುಂಬಕ್ಕೆ ಇ-ಪಾಸ್ ಎಂದರೇನೆಂದೇ ಗೊತ್ತಿರುವುದಿಲ್ಲ, ಗಡಿಯಲ್ಲಿ ಬಿಸಿಲಿಗೆ ಕೂರುತ್ತದೆ. ಮಿತಿ ಹಾಕಿದಾಗ ನೀಲಗಿರಿಯ ವ್ಯಾಪಾರಿಗಳೇ 2025ರ ಏಪ್ರಿಲ್ ಆರಂಭದಲ್ಲಿ ಅಂಗಡಿ ಮುಚ್ಚಿ ಪ್ರತಿಭಟಿಸಿದರು. ಚಾಕೊಲೇಟ್, ನೀಲಗಿರಿ ಎಣ್ಣೆ, ಚಹಾ ಮಾರಿ ಎರಡು ತಿಂಗಳಲ್ಲಿ ವರ್ಷದ ಗಂಜಿ ದುಡಿಯುವವರು ಅವರು. ಅವರಿಗೆ ಪ್ರವಾಸಿ ಬೇಕು. ಬೇಕು ಎನ್ನುವ ಜನ ಇನ್ನೂ ಇರುವಾಗಲೇ ನಾವು ತಿದ್ದಿಕೊಳ್ಳಬೇಕಾಗಿದೆ.

ನಮ್ಮ ಪ್ರವಾಸೋದ್ಯಮ ಇಲಾಖೆ ಈ ಕೆಲಸಕ್ಕೆ ಒಂದು ವಾರವೂ ತೆಗೆದುಕೊಳ್ಳಬೇಕಿಲ್ಲ. ಗುಂಡ್ಲುಪೇಟೆಯಲ್ಲಿ, ಬಂಡೀಪುರದ ಗೇಟಿನಲ್ಲಿ, ಮೈಸೂರಿನ ಬಸ್ ನಿಲ್ದಾಣದಲ್ಲಿ ದೊಡ್ಡ ಅಕ್ಷರದ ಕನ್ನಡ ಫಲಕ ನಿಲ್ಲಿಸಲಿ. ಇ-ಪಾಸ್ ಪಡೆಯುವ ರೀತಿ, ಏನು ಒಯ್ಯಬಾರದು, ಗೇಟು ಮುಚ್ಚುವ ಸಮಯ, ಇಷ್ಟು ಸಾಕು. ಕೆಕ್ಕನಹಳ್ಳದ ಆಚೆಯೂ ಕನ್ನಡದಲ್ಲಿ ಬರೆಸಿ ಎಂದು ನೀಲಗಿರಿ ಜಿಲ್ಲಾಡಳಿತಕ್ಕೆ ಒಂದು ಪತ್ರ ಬರೆಯಲಿ. ಶಾಲಾ ಪ್ರವಾಸ ಕರೆದೊಯ್ಯುವ ಮೇಷ್ಟರು ಹೊರಡುವ ಹಿಂದಿನ ದಿನ ಒಂದು ತರಗತಿಯನ್ನು ಬಡಗರು, ತೋಡರು, ಕೋಟರ ಬಗ್ಗೆ ತೆಗೆದುಕೊಳ್ಳಲಿ. ಹೋಗುವ ಊರಿನಲ್ಲಿ ಜನ ಇದ್ದಾರೆ ಎಂದು ಮಕ್ಕಳಿಗೆ ಗೊತ್ತಾಗಲಿ. ಟ್ಯಾಕ್ಸಿ ಚಾಲಕರ ಸಂಘಗಳು ಮನಸ್ಸು ಮಾಡಿದರೆ ಅರ್ಧ ತೊಂದರೆ ಮೈಸೂರಿನಲ್ಲೇ ತೀರುತ್ತದೆ. ಕಾರಿನಲ್ಲಿ ಕೂತ ಯಜಮಾನನಿಗೆ ‘ಇಲ್ಲಿ ನಿಲ್ಲಿಸಲ್ಲ ಸಾರ್’ ಎಂದು ಹೇಳಬಲ್ಲವನು ಚಾಲಕ ಒಬ್ಬನೇ. ಹಾಗೆ ಹೇಳಿದ್ದಕ್ಕೆ ಅವನ ಬಾಡಿಗೆ ಕಡಿಯದಿರುವ ದೊಡ್ಡತನ ನಮ್ಮಲ್ಲಿರಬೇಕು. ಕೆಎಸ್‌ಆರ್‌ಟಿಸಿಯ ಊಟಿ ಬಸ್ಸು ಇದೆ, ಸರ್ಕಾರಿ ಬಸ್ಸಿಗೆ ಮಿತಿಯೂ ಇಲ್ಲ. ಉದಕಮಂಡಲದಲ್ಲಿ ಇಳಿದು ಕೂನೂರಿನ ಗಾಡಿ ಹತ್ತಿದರೆ ಲವ್‌ಡೇಲ್ ತಾನಾಗಿಯೇ ಸಿಗುತ್ತದೆ.

ಕರ್ನಾಟಕದೊಳಗೂ ಇದೇ ಕತೆ ಶುರುವಾಗಿದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ನಮ್ಮ ಕಾರು ಬಿಡುವುದಿಲ್ಲ, ಬಸ್ಸಿನಲ್ಲೇ ಹೋಗಬೇಕು. ಮುಳ್ಳಯ್ಯನಗಿರಿಗೆ 2025ರಿಂದ ಮುಂಗಡ ನೋಂದಣಿ ಬಂದಿದೆ. ವಾರಾಂತ್ಯದಲ್ಲಿ ತಮ್ಮ ಊರಿನ ರಸ್ತೆಯಲ್ಲೇ ತಾವು ಓಡಾಡಲಾಗುತ್ತಿಲ್ಲ ಎಂದು ಕೊಡಗಿನವರು ನಮ್ಮ ಮುಂದೆ ಹೇಳಿಕೊಳ್ಳುವ ಸಂಕಟಕ್ಕೆ ನಾವು ಮರುಗುತ್ತೇವೆ. ಕೇತ್ತಿ ಕಣಿವೆಯ ಹಟ್ಟಿಯಲ್ಲಿ ಹೇಳಿಕೊಳ್ಳುವ ಸಂಕಟವೂ ಅದೇ. ಅಲ್ಲಿ ದೂರಿನೊಳಗಿರುವ ಗಾಡಿಯ ನಂಬರು ಮಾತ್ರ ನಮ್ಮದು.

ಪರೀಕ್ಷೆಗಳು ಮುಗಿಯುತ್ತಿವೆ. ಇನ್ನು ಕೆಲವೇ ದಿನಗಳಲ್ಲಿ ಡಿಕ್ಕಿಗಳು ತುಂಬುತ್ತವೆ. ಹೊರಡುವ ಹಿಂದಿನ ರಾತ್ರಿ ಪಾಸು ಮಾಡಿಸಿಕೊಳ್ಳಿ, ಬಾಟಲಿಯ ಕಟ್ಟನ್ನು ಮನೆಯಲ್ಲೇ ಇಳಿಸಿ, ಬಂಡೀಪುರದ ಗೇಟಿಗೆ ಸಂಜೆ ಆರರೊಳಗೆ ಮುಟ್ಟುವ ಹಾಗೆ ಲೆಕ್ಕ ಹಾಕಿ. ಲವ್‌ಡೇಲ್‌ನಲ್ಲಿ ಚಿತ್ರ ಬೇಕಾದರೆ ಪ್ಲಾಟ್‌ಫಾರಂ ಮೇಲಿನ ಬೆಂಚಿನಲ್ಲಿ ಕೂತು ತೆಗೆಸಿಕೊಳ್ಳಿ. ಅಲ್ಲಿಂದಲೂ ಗಾಡಿ ತಿರುವಿನಲ್ಲಿ ಬಾಗಿ ಬರುವುದು ಕಾಣುತ್ತದೆ.